ಹಿತ್ತಿಲಿಲ್ಲದ ಊರಿನಲ್ಲಿ ಒಂದೆಲಗ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಆಡಿದ್ದು ವ್ಯಂಗ್ಯವಾಗಿ. ಮನೆಯ ಹಿಂದೆಯೇ ಬೆಳೆದಿರುವ ಗಿಡದ ಬೆಲೆ ತಿಳಿಯದೆ ದೂರದ ಔಷಧಿಗೆ ಹಂಬಲಿಸುವವರನ್ನು ಕುರಿತ ಮಾತು ಅದು. ಊರು ಬಿಟ್ಟು ಬಂದ ನಮಗೆ ಈ ಗಾದೆ ತುಸು ಬೇರೆಯಾಗಿಯೇ ಅನ್ವಯಿಸುತ್ತದೆ. ನಮಗೆ ಗಿಡದ ಬೆಲೆ ತಿಳಿದಿದೆ. ಆದರೆ ಹಿತ್ತಿಲೇ ಇಲ್ಲ. ಹಿತ್ತಿಲು ಇಲ್ಲವಾದ ಮೇಲೆ ಗಿಡದ ಹೆಸರೊಂದನ್ನೇ ನೆನಪಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತೇವೆ. ಅಲ್ಲಿ ಆ ಹೆಸರಿನಲ್ಲಿ ದೊರೆಯುವ ವಸ್ತು ನಮ್ಮ ಹಿತ್ತಿಲಿನದೇ ಎಂದು ನಂಬಿ ತರುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದೆಲಗವೆಂಬ ಸಣ್ಣ ಸಸ್ಯವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ, ಸಸ್ಯಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ಬ್ಯಾಂಕಿನ ನೌಕರಿ ಹಿಡಿದು, ವರ್ಗಾವಣೆಯ ಮೇಲೆ ಈ ಕಾಶೀ ಕ್ಷೇತ್ರಕ್ಕೆ ಬಂದವನು. ಹೆಸರು ಸರಿಯಿದೆ ಎಂಬ ಒಂದೇ ಕಾರಣದಿಂದ ಚೆಕ್ಕಿಗೆ ಹಣ ಕೊಡಬಾರದು, ಸಹಿಯನ್ನೂ ಹೋಲಿಸಿ ನೋಡಬೇಕು ಎಂಬುದು ನಮ್ಮ ವೃತ್ತಿ ಕಲಿಸುವ ಮೊದಲ ಪಾಠ. ಗಿಡಮೂಲಿಕೆಯ ವಿಷಯದಲ್ಲಿಯೂ ಈ ಪಾಠವನ್ನು ಮರೆಯಬಾರದೆಂಬುದೇ ನನ್ನ ವಾದದ ತಿರುಳು.

ಒಂದು ಹೆಸರು, ಎರಡು ಗಿಡ

ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಒಂದೆಲಗಕ್ಕೆ ‘ಬ್ರಾಹ್ಮಿ’ ಎಂಬ ಹೆಸರೂ ಉಂಟು. ತುಳುವಿನಲ್ಲಿ ಅದು ‘ತಿಮರೆ’. ಬಾವಿಕಟ್ಟೆಯ ಪಕ್ಕ, ಬಚ್ಚಲಿನ ನೀರು ಹರಿಯುವ ದಾರಿ, ಅಡಿಕೆ ತೋಟದ ನೆರಳು ಇವುಗಳಲ್ಲಿ ಯಾರೂ ನೆಡದೆಯೇ ಹರಡಿಕೊಳ್ಳುವ ಈ ಸೊಪ್ಪನ್ನು ನಮ್ಮ ತಾಯಂದಿರು ಕಿತ್ತು ತಂದು ತಂಬುಳಿಯನ್ನೋ ಚಟ್ನಿಯನ್ನೋ ಮಾಡುತ್ತಿದ್ದರು. ಅದನ್ನು ಔಷಧಿಯೆಂದು ಬೇರೆ ಕಪಾಟಿನಲ್ಲಿ ಇಟ್ಟವರಿಲ್ಲ. ಅದು ಊಟದ ಒಂದು ಭಾಗವಾಗಿತ್ತು.

ಇದೇ ‘ಬ್ರಾಹ್ಮಿ’ ಎಂಬ ಹೆಸರನ್ನು ಹಿಡಿದು ವಾರಾಣಸಿಯಲ್ಲಿ ವಿಚಾರಿಸಿದರೆ ಬಹುಮಟ್ಟಿಗೆ ಬೇರೊಂದು ಗಿಡ ದೊರೆಯುತ್ತದೆ. ಅದು ಕನ್ನಡದಲ್ಲಿ ‘ನೀರುಬ್ರಾಹ್ಮಿ’ ಎಂದು ಕರೆಯಲ್ಪಡುವ ಸಸ್ಯ. ಸಸ್ಯಶಾಸ್ತ್ರದಲ್ಲಿ ಬಕೋಪಾ ಮೊನಿಯೆರಿ. ನಮ್ಮ ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ. ಇವೆರಡೂ ಒಂದೇ ಕುಟುಂಬಕ್ಕೆ ಸೇರಿದವುಗಳೂ ಅಲ್ಲ. ಒಂದೆಲಗವು ಕೊತ್ತಂಬರಿ ಮತ್ತು ಜೀರಿಗೆಯ ಬಳಗದ್ದು. ನೀರುಬ್ರಾಹ್ಮಿಗೂ ಆ ಬಳಗಕ್ಕೂ ಸಂಬಂಧವಿಲ್ಲ. ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಹರಿದ್ವಾರದ ಕಡೆಯಲ್ಲಿ ಬ್ರಾಹ್ಮೀಬೂಟಿ ಎಂಬ ಹೆಸರಿನಲ್ಲಿ ಮಾರುವುದು ಒಂದೆಲಗವನ್ನೇ! ಅಂದರೆ ಗಂಗೆಯ ದಡದ ಎರಡು ಕ್ಷೇತ್ರಗಳಲ್ಲಿ ಒಂದೇ ಹೆಸರು ಎರಡು ಸಸ್ಯಗಳಿಗೆ ಸಲ್ಲುತ್ತಿದೆ.

ಶಾಸ್ತ್ರಗ್ರಂಥಗಳಲ್ಲಿ ಈ ಭೇದ ಸ್ಪಷ್ಟವಾಗಿಯೇ ಇದೆ. ಕಾಶೀರಾಜ ದಿವೋದಾಸ ಧನ್ವಂತರಿಯ ಉಪದೇಶವೆಂದು ಹೇಳಿಕೊಳ್ಳುವ ಸುಶ್ರುತಸಂಹಿತೆಯು ಮೇಧೆ ಮತ್ತು ಆಯುಷ್ಯವನ್ನು ವರ್ಧಿಸುವ ರಸಾಯನಗಳನ್ನು ಹೇಳುವಾಗ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಬೇರೆ ಬೇರೆಯಾಗಿಯೇ ವಿವರಿಸುತ್ತದೆ. ಚರಕನು ಹೆಸರಿಸುವ ನಾಲ್ಕು ಮೇಧ್ಯ ರಸಾಯನಗಳು ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ಮುಂದೆ 16ನೆಯ ಶತಮಾನದ ಭಾವಪ್ರಕಾಶದಲ್ಲಿ ಬ್ರಾಹ್ಮಿ, ಮಂಡೂಕಪರ್ಣಿಗಳನ್ನು ಒಟ್ಟಿಗೆ ವರ್ಣಿಸಿ ಗುಣದಲ್ಲಿ ಸಮಾನವೆಂದು ಹೇಳಲಾಯಿತು. ಗುಣ ಸಮಾನವೆಂದ ಮೇಲೆ ಹೆಸರೂ ಬೆರೆತುಹೋಗುವುದು ಸಹಜ. ಇಂದಿನ ಭಾರತೀಯ ಆಯುರ್ವೇದ ಔಷಧಕೋಶವು ಬ್ರಾಹ್ಮಿಯೆಂದರೆ ಬಕೋಪಾ, ಮಂಡೂಕಪರ್ಣಿಯೆಂದರೆ ಸೆಂಟೆಲ್ಲಾ ಎಂದು ನಿರ್ಣಯಿಸಿದೆ. ಆದುದರಿಂದ ನಮ್ಮ ಒಂದೆಲಗದ ಶಾಸ್ತ್ರೀಯ ನಾಮ ಮಂಡೂಕಪರ್ಣಿಯೆಂದು ತಿಳಿಯತಕ್ಕದ್ದು.

ನಮ್ಮ ವೃತ್ತಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನು ಕಂಡಿದ್ದೇವೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಕನ್ನಡ ನಾಡಿನಲ್ಲಿ ಹುಟ್ಟಿ ನಮ್ಮವರನೇಕರನ್ನು ದೇಶದ ಮೂಲೆ ಮೂಲೆಗೆ ಕಳುಹಿಸಿದ ಆ ಹೆಸರುಗಳು ಮರೆಯಾದವು. ಆದರೆ ಠೇವಣಿದಾರರ ಹಣ ಹಾಗೆಯೇ ಉಳಿಯಿತು. ಅಲ್ಲಿ ಹೆಸರು ಬದಲಾಗಿ ವಸ್ತು ಉಳಿದಿದೆ. ಬ್ರಾಹ್ಮಿಯ ವಿಷಯದಲ್ಲಿ ಹೆಸರು ಉಳಿದು ವಸ್ತು ಬದಲಾಗಿದೆ. ಎರಡನೆಯದೇ ಹೆಚ್ಚು ಅಪಾಯಕರ. ಏಕೆಂದರೆ ಬದಲಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಪರಿಚಯದ ಮನೆಯೊಂದರಲ್ಲಿ ಬ್ರಾಹ್ಮಿಯೆಂದು ತಂದ ಹಸಿ ಸೊಪ್ಪಿನಿಂದ ತಂಬುಳಿ ಮಾಡಿದರು. ಅದು ಕಹಿಯೆಂದರೆ ಕಹಿ. ಮಕ್ಕಳು ಬಾಯಿಗೆ ಇಡಲಿಲ್ಲ. ಮನೆಯಾಕೆ ‘ಈ ಊರಿನ ಮಣ್ಣೇ ಹೀಗೆ’ ಎಂದು ನಿಟ್ಟುಸಿರಿಟ್ಟರು. ಮಣ್ಣಿನದೇನೂ ತಪ್ಪಿರಲಿಲ್ಲ. ಮಾರಿದವನು ತನ್ನ ಊರಿನ ಬ್ರಾಹ್ಮಿಯನ್ನು ಪ್ರಾಮಾಣಿಕವಾಗಿಯೇ ಕೊಟ್ಟಿದ್ದನು. ಹಸಿ ಸೊಪ್ಪಾದರೆ ರುಚಿಯಾದರೂ ಗುಟ್ಟು ಬಿಟ್ಟುಕೊಡುತ್ತದೆ. ಒಣಗಿಸಿ ಪುಡಿಮಾಡಿ ಪೊಟ್ಟಣ ಕಟ್ಟಿದ ಮೇಲೆ ಸಾಮಾನ್ಯ ಗೃಹಸ್ಥನು ಯಾವುದನ್ನು ನೋಡಿ ಗುರುತಿಸಬೇಕು?

ಗುರುತಿಸುವ ಬಗೆ

ಹೆಸರೇ ಹೇಳುವಂತೆ ಒಂದೆಲಗದಲ್ಲಿ ಒಂದು ತೊಟ್ಟಿಗೆ ಒಂದೇ ಎಲೆ. ಎಲೆಯು ಮೂತ್ರಪಿಂಡದ ಆಕಾರದಲ್ಲಿದ್ದು, ಅಂಚಿನಲ್ಲಿ ದುಂಡನೆಯ ಸಣ್ಣ ಹಲ್ಲುಗಳಿರುತ್ತವೆ. ತೊಟ್ಟು ಎಲೆಯ ಬುಡದ ಸೀಳಿನಲ್ಲಿ ಸೇರುತ್ತದೆ. ಹಂಬು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನಸುಗೆಂಪಿನ ಅತಿ ಸಣ್ಣ ಹೂಗಳು ನೆಲಕ್ಕೆ ಹತ್ತಿರವಾಗಿ, ಎಲೆಗಳ ಮರೆಯಲ್ಲಿ ಬಿಡುತ್ತವೆ. ನೀರುಬ್ರಾಹ್ಮಿಯಲ್ಲಾದರೋ ಎಲೆಗಳು ಚಿಕ್ಕವು, ದಪ್ಪನಾದವು, ತೊಟ್ಟಿಲ್ಲದೆ ಕಾಂಡದ ಎರಡೂ ಬದಿಗೆ ಎದುರುಬದುರಾಗಿ ಕುಳಿತಿರುತ್ತವೆ. ಹೂವು ಬಿಳಿ ಅಥವಾ ತಿಳಿನೇರಳೆ. ರುಚಿ ಬಲು ಕಹಿ.

ಮೂರನೆಯ ಗಿಡವೊಂದನ್ನೂ ಇಲ್ಲಿ ಹೇಳಬೇಕು. ಸಸ್ಯೋದ್ಯಾನಗಳಲ್ಲಿ ಅಲಂಕಾರಕ್ಕೆಂದು ಮಾರುವ ಹೈಡ್ರೋಕಾಟೈಲ್ ಎಂಬ ಸಸ್ಯದ ಕೆಲವು ಜಾತಿಗಳು ದೂರದಿಂದ ಒಂದೆಲಗದಂತೆಯೇ ಕಾಣುತ್ತವೆ. ಆದರೆ ಅವುಗಳ ತೊಟ್ಟು ಎಲೆಯ ನಡುವೆ, ಕೊಡೆಯ ಕಡ್ಡಿಯಂತೆ ಸೇರಿರುತ್ತದೆ. ಅಂತಹ ಗಿಡವನ್ನು ಅಡುಗೆಗೆ ಬಳಸತಕ್ಕದ್ದಲ್ಲ. ಸಂದೇಹ ಬಂದರೆ ತಿಳಿದವರಿಗೆ ತೋರಿಸದೆ ತಿನ್ನಲಾಗದು.

ನೆರಳಿನ ಮನೆಗೆ ನೆರಳಿನ ಗಿಡ

ಕಾಶಿಯ ಹಳೆಯ ಬಡಾವಣೆಗಳನ್ನು ಬಲ್ಲವರಿಗೆ ಅಲ್ಲಿನ ಮನೆಗಳ ರಚನೆ ಗೊತ್ತೇ ಇದೆ. ಜಂಗಮವಾಡಿ ಮಠದ ಸುತ್ತಲಿನ ಗಲ್ಲಿಗಳಿರಲಿ, ಕರ್ನಾಟಕ ಘಾಟಿಗೆ ಸಮೀಪದ ಹನುಮಾನ್ ಘಾಟಿನ ಓಣಿಗಳಿರಲಿ, ಎರಡು ಆಳು ಜೊತೆಯಾಗಿ ನಡೆಯಲಾಗದಷ್ಟು ಇಕ್ಕಟ್ಟು. ಮೂರು ನಾಲ್ಕು ಅಂತಸ್ತಿನ ಗೋಡೆಗಳ ನಡುವೆ ಒಂದು ಸಣ್ಣ ಚೌಕದ ಅಂಗಳ, ಮೇಲೆ ಕಬ್ಬಿಣದ ಜಾಲರಿ. ಸೂರ್ಯನು ಆ ಅಂಗಳಕ್ಕೆ ಅತಿಥಿಯಂತೆ ಬಂದು ಒಂದೆರಡು ಗಂಟೆಯಲ್ಲಿ ಹೊರಟುಹೋಗುತ್ತಾನೆ. ‘ಇಲ್ಲಿ ಏನು ಬೆಳೆದೀತು?’ ಎಂದು ನಮ್ಮವರು ಕೈಚೆಲ್ಲುವುದನ್ನು ಕೇಳಿದ್ದೇನೆ. ಮಾಳಿಗೆಯ ಮೇಲೆ ಬಿಸಿಲುಂಟು. ಆದರೆ ಅಲ್ಲಿ ಕಪಿಗಳ ರಾಜ್ಯ. ಇಟ್ಟ ಕುಂಡ ಸಂಜೆಯ ಹೊತ್ತಿಗೆ ಚೂರಾಗಿರುತ್ತದೆ.

ಒಂದೆಲಗಕ್ಕೆ ಬೇಕಾದುದು ನಿಖರವಾಗಿ ಇಂತಹ ಸ್ಥಳವೇ. ಅದು ಮರದಡಿಯ ತಂಪನ್ನು ಬಯಸುವ ಗಿಡ. ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು, ಉಳಿದ ಹೊತ್ತು ಬೆಳಕುಳ್ಳ ನೆರಳು, ಬುಡದಲ್ಲಿ ಸದಾ ತೇವ, ಇಷ್ಟಿದ್ದರೆ ಸಾಕು. ನೆರಳಿನಲ್ಲಿ ಎಲೆ ಅಗಲವಾಗಿ, ಮೆದುವಾಗಿ ಬರುತ್ತದೆ. ಕಟುಬಿಸಿಲಿನಲ್ಲಿ ಕಿರಿದಾಗಿ ಕೆಂಪಡರುತ್ತದೆ. ದಿಲ್ಲಿ, ಮುಂಬಯಿ, ಕಲ್ಕತ್ತೆಗಳ ಫ್ಲಾಟುಗಳಲ್ಲಿ ಉತ್ತರಕ್ಕೆ ಮುಖಮಾಡಿದ ಬಾಲ್ಕನಿಯುಳ್ಳ ಬಾಂಧವರಿಗೂ ಈ ಮಾತು ಅನ್ವಯಿಸುತ್ತದೆ. ತುಳಸಿಗೆ ಬಿಸಿಲು ಸಾಲದೆಂದು ಕೊರಗುವ ಮನೆಯಲ್ಲಿ ಒಂದೆಲಗವು ನಲಿದು ಬೆಳೆಯುತ್ತದೆ.

ಬೆಳೆಸುವ ಕ್ರಮವು ಸರಳವಾದುದು. ಆಳಕ್ಕಿಂತ ಅಗಲ ಹೆಚ್ಚಾಗಿರುವ, ತಳದಲ್ಲಿ ರಂಧ್ರವಿರುವ ಮಣ್ಣಿನ ಕುಂಡವನ್ನು ಆರಿಸಿಕೊಳ್ಳಬೇಕು. ಎರಡು ಪಾಲು ಒಳ್ಳೆಯ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಬೇಕು. ಬೇರು ಬಿಟ್ಟ ಎರಡು ಮೂರು ಗೆಣ್ಣುಗಳುಳ್ಳ ಹಂಬನ್ನು ಮಣ್ಣಿನ ಮೇಲೆ ಮಲಗಿಸಿ, ಗೆಣ್ಣಿನ ಮೇಲೆ ತುಸು ಮಣ್ಣು ಹಾಕಿ, ನೀರು ಚಿಮುಕಿಸಬೇಕು. ಊರಿಗೆ ಹೋದವರು ಹಂಬನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವಂತೆ ಕಟ್ಟಿ ತಂದರೆ ಎರಡು ದಿನದ ರೈಲು ಪ್ರಯಾಣವನ್ನು ಅದು ತಡೆದುಕೊಳ್ಳುತ್ತದೆ. ನೆಡಲು ಮಳೆಗಾಲವೇ ಪ್ರಶಸ್ತ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೆಟ್ಟದ್ದು ಎರಡು ಮೂರು ತಿಂಗಳಲ್ಲಿ ಕುಂಡ ತುಂಬುತ್ತದೆ.

ಉತ್ತರದ ಹವೆ ನಮ್ಮ ಕರಾವಳಿಯದಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಮೇ, ಜೂನ್ ತಿಂಗಳುಗಳಲ್ಲಿ ‘ಲೂ’ ಎಂಬ ಬಿಸಿಗಾಳಿ ಬೀಸುವಾಗ ಕುಂಡವನ್ನು ಒಳ ಅಂಗಳಕ್ಕೆ ಸರಿಸಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕಬೇಕು. ಡಿಸೆಂಬರ್, ಜನವರಿಯ ಮಂಜಿನ ದಿನಗಳಲ್ಲಿ ಬೆಳವಣಿಗೆ ನಿಂತಂತೆ ಕಾಣುತ್ತದೆ. ಆಗ ನೀರನ್ನು ಕಡಿಮೆ ಮಾಡಿ ಆದಷ್ಟು ಬಿಸಿಲು ತೋರಿಸಬೇಕು. ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಫಾಲ್ಗುಣದ ವೇಳೆಗೆ ಅದು ತಾನಾಗಿಯೇ ಚಿಗುರುತ್ತದೆ. ಕೊಯ್ಯುವಾಗ ಎಲೆಯನ್ನು ತೊಟ್ಟಿನೊಡನೆ ಕತ್ತರಿಸಿ ಬುಡವನ್ನು ಉಳಿಸಬೇಕು. ವರ್ಷಕ್ಕೊಮ್ಮೆ ಮಣ್ಣು ಬದಲಿಸಿ ಹೊಸ ಹಂಬನ್ನು ನೆಟ್ಟರೆ ಬೆಳೆ ಸತ್ವಹೀನವಾಗುವುದಿಲ್ಲ.

ಮಣ್ಣು ಮತ್ತು ನೀರಿನ ಪ್ರಶ್ನೆ

‘ಇಷ್ಟೆಲ್ಲ ಏಕೆ? ನದಿಯ ದಂಡೆಯಲ್ಲಿ, ಕೆರೆಯ ಅಂಚಿನಲ್ಲಿ ತಾನಾಗಿಯೇ ಬೆಳೆದದ್ದನ್ನು ಕಿತ್ತು ತರಬಾರದೇ?’ ಎಂದು ಯಾರಾದರೂ ಕೇಳಬಹುದು. ತರಬಾರದು ಎಂಬುದೇ ನನ್ನ ಉತ್ತರ. ಒಂದೆಲಗವು ಒದ್ದೆ ನೆಲದ ಗಿಡವಾದುದರಿಂದ ನಗರಗಳಲ್ಲಿ ಅದಕ್ಕೆ ಅನುಕೂಲವಾದ ಜಾಗಗಳೆಂದರೆ ಬಹುಮಟ್ಟಿಗೆ ಚರಂಡಿಯ ದಡಗಳೇ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಎಲೆಯು ಕೊಳಚೆಯ ರೋಗಾಣುಗಳನ್ನೂ ಹುಳುಗಳ ಮೊಟ್ಟೆಗಳನ್ನೂ ಹೊತ್ತು ಬರುತ್ತದೆ. ಅದನ್ನು ಹಸಿಯಾಗಿಯೇ ಅರೆದು ಉಣ್ಣುವವರು ನಾವು. ಇಷ್ಟೇ ಅಲ್ಲ, ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿಕೊಳ್ಳುವ ಸ್ವಭಾವವೂ ಒಂದೆಲಗಕ್ಕಿದೆ. ಈ ಲೋಹಗಳು ತೊಳೆದರೆ ಹೋಗುವಂಥವಲ್ಲ.

ಇದು ಊಹೆಯ ಭಯವಲ್ಲ. ವಾರಾಣಸಿಯ ಹೊರವಲಯದಲ್ಲಿ ಕೊಳಚೆ ನೀರು ಹಾಯಿಸಿ ಬೆಳೆದ ಪಾಲಕ್ ಸೊಪ್ಪನ್ನು ಕಾಶೀ ಹಿಂದೂ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಡ್ಮಿಯಂ, ಸೀಸ ಮತ್ತು ನಿಕಲ್ ಲೋಹಗಳು ಅಂದಿನ ಭಾರತೀಯ ಆಹಾರ ಕಾನೂನಿನ ಮಿತಿಯನ್ನು ಮೀರಿದ್ದು ಕಂಡುಬಂದಿತು. 2008ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಮಾರುಕಟ್ಟೆಯಲ್ಲಿ ತೆರೆದಿಟ್ಟ ತರಕಾರಿಗಳ ಮೇಲೆ ಧೂಳಿನ ಮೂಲಕವೂ ಲೋಹಗಳು ಕೂಡಿಕೊಳ್ಳುತ್ತವೆ ಎಂದು ತೋರಿಸಿತು. ಪಾಲಕ್ ಸೊಪ್ಪಿಗೆ ಅನ್ವಯಿಸುವ ಈ ಎಚ್ಚರಿಕೆಯು ಒಂದೆಲಗಕ್ಕೆ ಅನ್ವಯಿಸುವುದಿಲ್ಲವೆಂದು ಹೇಳಲು ಯಾವ ಕಾರಣವೂ ಇಲ್ಲ.

ಆದುದರಿಂದ ಮನೆಯ ಕುಂಡಕ್ಕೆ ಹಾಕುವ ಮಣ್ಣನ್ನು ರಸ್ತೆಯ ಬದಿಯಿಂದಾಗಲಿ, ನಾಲೆಯ ದಂಡೆಯಿಂದಾಗಲಿ ತರಬಾರದು. ಕುಡಿಯಲು ಯೋಗ್ಯವಾದ ನೀರನ್ನೇ ಹಾಕಬೇಕು. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಶುದ್ಧವಾದ ಮಣ್ಣು ಮತ್ತು ನೀರಿನ ಮೇಲೆ ನಮಗೆ ಹತೋಟಿ ಇರುವುದು ಮನೆಯ ಕುಂಡದಲ್ಲಿ ಮಾತ್ರ. ಮನೆಯಲ್ಲಿ ಬೆಳೆಸಿರೆಂದು ನಾನು ಒತ್ತಿ ಹೇಳಲು ತವರಿನ ನೆನಪಿಗಿಂತ ಮಿಗಿಲಾದ ಕಾರಣ ಇದು.

ಗುಣವೂ ಮಿತಿಯೂ

ಒಂದೆಲಗದ ವಿಷಯದಲ್ಲಿ ನಮ್ಮಲ್ಲಿ ಪ್ರಚಲಿತವಾಗಿರುವ ದೊಡ್ಡ ನಂಬಿಕೆಯೆಂದರೆ ಅದು ಮಕ್ಕಳ ಜ್ಞಾಪಕಶಕ್ತಿಯನ್ನು ಹೆಚ್ಚಿಸುತ್ತದೆ ಎಂಬುದು. ಪರೀಕ್ಷೆಗಳು ಸಮೀಪಿಸಿದಂತೆ ಶೀಷೆಗಳ ಮಾರಾಟವೂ ಏರುತ್ತದೆ. ಇಲ್ಲಿ ಲೆಕ್ಕವನ್ನು ನಿಷ್ಠುರವಾಗಿಯೇ ನೋಡಬೇಕು. ಗಾಯ, ಸುಟ್ಟ ಹುಣ್ಣು ಮೊದಲಾದವುಗಳ ಮೇಲೆ ಒಂದೆಲಗದ ಸಾರದ ಉಪಯೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಔಷಧಿ ಸಸ್ಯಗಳ ಗ್ರಂಥದಲ್ಲಿ ದಾಖಲಿಸಿದೆ. ಜ್ಞಾಪಕಶಕ್ತಿಯ ವಿಷಯದಲ್ಲಾದರೋ, ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಮಾಡಿದ ಪರಾಮರ್ಶೆಯು, ಒಂದೆಲಗದಿಂದ ಬುದ್ಧಿಶಕ್ತಿ ಗಮನಾರ್ಹವಾಗಿ ಹೆಚ್ಚುತ್ತದೆಂಬುದಕ್ಕೆ ಬಲವಾದ ಆಧಾರವನ್ನು ಕಾಣಲಿಲ್ಲ. ನೀರುಬ್ರಾಹ್ಮಿಯ ಕುರಿತು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ದೀರ್ಘಕಾಲ ಅಧ್ಯಯನ ನಡೆಸಿದೆ. ಅದರ ಸಾರವನ್ನು ಸುಮಾರು ಮೂರು ತಿಂಗಳು ಸೇವಿಸಿದವರಲ್ಲಿ ನೆನಪಿನ ಕೆಲವು ಪರೀಕ್ಷೆಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿದೆ. ಆ ಫಲವನ್ನು ಹೆಸರಿನ ಸಾಮ್ಯದಿಂದ ಒಂದೆಲಗದ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ಹಾಗಾದರೆ ಒಂದೆಲಗವು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅದು ಒಳ್ಳೆಯ ಹಸಿರು ಸೊಪ್ಪು. ಬೇಸಗೆಯ ಊಟಕ್ಕೆ ಹಿತವಾದ ವ್ಯಂಜನ. ಒಂದು ಹಿಡಿ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ತುಸು ತೆಂಗಿನತುರಿಯೊಡನೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಉತ್ತರದ ಒಣ ಬೇಸಗೆಯಲ್ಲಿ ಅನ್ನದೊಡನೆ ಇದಕ್ಕಿಂತ ಹಿತವಾದುದು ಬೇರೆ ಬೇಕೇ? ವಾರಕ್ಕೊಂದು ಬಾರಿ ಮಕ್ಕಳಿಗೆ ಇದನ್ನು ಬಡಿಸಿರಿ. ಆದರೆ ಅಂಕಗಳ ಆಸೆಯನ್ನು ಅದರೊಡನೆ ಬಡಿಸಬೇಡಿರಿ. ಪರೀಕ್ಷೆಯ ಮಕ್ಕಳಿಗೆ ಬೇಕಾದುದು ಸಾಕಷ್ಟು ನಿದ್ರೆ, ಹೊತ್ತಿಗೆ ಸರಿಯಾದ ಊಟ, ಮನೆಯವರ ಸಮಾಧಾನದ ಮಾತು. ಇವು ಮೂರೂ ಇಲ್ಲದ ಮನೆಯಲ್ಲಿ ಯಾವ ಮೂಲಿಕೆಯೂ ಕೆಲಸಮಾಡದು.

ಆಹಾರವಾಗಿ ಮಿತದಲ್ಲಿ ತಿನ್ನುವುದು ಬೇರೆ, ಔಷಧಿಯಾಗಿ ಪ್ರತಿದಿನ ರಸವನ್ನೋ ಮಾತ್ರೆಯನ್ನೋ ಸೇವಿಸುವುದು ಬೇರೆ. 2005ರಲ್ಲಿ ಅರ್ಜೆಂಟೀನಾದ ವೈದ್ಯರು, ಕೆಲವು ವಾರಗಳ ಕಾಲ ಒಂದೆಲಗದ ಔಷಧಿಯನ್ನು ಸೇವಿಸಿದ ಮೂವರು ಸ್ತ್ರೀಯರಲ್ಲಿ ಯಕೃತ್ತಿಗೆ ತೊಂದರೆಯಾಗಿ ಕಾಮಾಲೆ ಕಾಣಿಸಿಕೊಂಡುದನ್ನು ವರದಿ ಮಾಡಿದ್ದಾರೆ. ಇದು ವಿರಳವಾದ ಸಂಗತಿಯೇ ಸರಿ. ಆದರೂ ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು, ನಿದ್ರೆಗೆ ಅಥವಾ ಅಪಸ್ಮಾರಕ್ಕೆ ಮಾತ್ರೆ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ಔಷಧಿಯಾಗಿ ತೆಗೆದುಕೊಳ್ಳಬಾರದು. ಆಯುರ್ವೇದದ ಅಧ್ಯಯನಕ್ಕೆ ಹೆಸರಾದ, ದ್ರವ್ಯಗುಣಶಾಸ್ತ್ರದ ವಿದ್ವಾಂಸರಾದ ಪ್ರಿಯವ್ರತ ಶರ್ಮರಂಥವರು ಪಾಠ ಹೇಳಿದ ವಿಶ್ವವಿದ್ಯಾಲಯವಿರುವ ಈ ಊರಿನಲ್ಲಿ ತಜ್ಞರಿಗೆ ಕೊರತೆಯಿಲ್ಲ. ಕೇಳಿ ತಿಳಿಯಲು ನಮಗೆ ಸಂಕೋಚವಿರಬಾರದು.

ಸಂಘವು ಮಾಡಬಹುದಾದ ಕೆಲಸ

ಒಂದೆಲಗದ ಬಳಕೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಬಂಗಾಳಿಗಳು ಇದನ್ನು ‘ಥಾನ್‌ಕುನಿ’ ಎಂದೂ, ತಮಿಳರು ‘ವಲ್ಲಾರೈ’ ಎಂದೂ, ತೆಲುಗರು ‘ಸರಸ್ವತಿ ಆಕು’ ಎಂದೂ, ಸಿಂಹಳೀಯರು ‘ಗೊಟುಕೊಳ’ ಎಂದೂ ಕರೆದು ಉಣ್ಣುತ್ತಾರೆ. ಕಾಶಿಯ ಬಂಗಾಳಿ ಟೋಲಾದ ಯಾವುದಾದರೂ ಹಿರಿಯ ಗೃಹಿಣಿಗೆ ಎಲೆಯನ್ನು ತೋರಿಸಿದರೆ ಹೆಸರು ಬೇರೆಯಾದರೂ ಗುರುತು ಹಿಡಿಯುವ ಸಂಭವ ಹೆಚ್ಚು. ಇಂದು ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅವರು ಬ್ರಾಹ್ಮಿ ಎಂಬ ಹೆಸರನ್ನು ಕೂದಲೆಣ್ಣೆಯ ಶೀಷೆಯ ಮೇಲೆ ಓದಿದ್ದಾರೆ, ಎಲೆಯನ್ನು ಕಂಡಿಲ್ಲ. ‘ಒಂದೆಲಗ’ ಎಂಬ ಕನ್ನಡದ ಹೆಸರು ಅದರ ಗುರುತನ್ನೂ ತನ್ನೊಳಗೇ ಇಟ್ಟುಕೊಂಡಿದೆ. ಒಂದು ತೊಟ್ಟು, ಒಂದು ಎಲೆ. ಈ ಹೆಸರನ್ನು ಬಲ್ಲವನು ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗಲಾರ. ಮಾತೃಭಾಷೆಯನ್ನು ಉಳಿಸಿಕೊಳ್ಳಬೇಕೆಂದು ವೇದಿಕೆಯ ಮೇಲೆ ನಾವು ಆಡುವ ಮಾತಿಗೆ ಇಂತಹ ವ್ಯಾವಹಾರಿಕ ಅರ್ಥವೂ ಇದೆಯೆಂಬುದನ್ನು ಮಕ್ಕಳಿಗೆ ತೋರಿಸಿಕೊಡಬೇಕಾಗಿದೆ.

ಆದುದರಿಂದ ಸಂಘದ ಕಾರ್ಯಕಾರೀ ಸಮಿತಿಯವರ ಮುಂದೆ ನನ್ನದೊಂದು ಸಲಹೆ. ಮಳೆಗಾಲದಲ್ಲಿ ಬರುವ ಗಣೇಶೋತ್ಸವದ ಸಮಾರಂಭದಲ್ಲಿ, ಗಿಡ ಇರುವ ಮನೆಯವರು ಬೇರು ಬಿಟ್ಟ ಹಂಬುಗಳನ್ನು ತಂದು ಇಲ್ಲದವರಿಗೆ ಹಂಚಲಿ. ಪ್ರತಿಯೊಂದು ಕುಂಡದ ಮೇಲೂ ಕನ್ನಡದಲ್ಲಿ ಒಂದೆಲಗ ಎಂದೂ, ಸಂಸ್ಕೃತದಲ್ಲಿ ಮಂಡೂಕಪರ್ಣಿ ಎಂದೂ ಬರೆದ ಚೀಟಿ ಇರಲಿ. ಸಾಧ್ಯವಾದರೆ ಪಕ್ಕದಲ್ಲಿಯೇ ನೀರುಬ್ರಾಹ್ಮಿಯ ಕುಂಡವೊಂದನ್ನು ಇಟ್ಟು ಭೇದವನ್ನು ಮಕ್ಕಳಿಂದಲೇ ಹೇಳಿಸಲಿ. ಇದಕ್ಕೆ ಸಂಘದ ನಿಧಿಯಿಂದ ಹೆಚ್ಚಿನ ಹಣವೇನೂ ಬೇಡ. ಕುಂಡ, ಮಣ್ಣು, ಗೊಬ್ಬರಗಳ ಖರ್ಚು ಒಂದು ಬಾರಿಯದು. ಗಿಡವು ಅಸಲನ್ನು ಹಾಗೆಯೇ ಉಳಿಸಿ ಬಡ್ಡಿಯನ್ನು ಎಲೆಯ ರೂಪದಲ್ಲಿ ಕೊಡುತ್ತಿರುತ್ತದೆ. ಹಂಬು ಹೆಚ್ಚಾದಂತೆ ನೆರೆಯವರಿಗೂ ಸಾಲ ಕೊಡಬಹುದು. ಹಿಂದಿರುಗಿ ಬರದಿದ್ದರೂ ನಷ್ಟವಿಲ್ಲದ ಸಾಲ ಅದೊಂದೇ!